ಉಸಿರೆತ್ತದ ಒಪ್ಪಿಗೆ

ಮದ್ದು ಕೊಡುವ ಮುನ್ನ ಅಂಗಗಳನ್ನೇ ಕೇಳುವುದು ಈಗ ಹುಬ್ಬಳ್ಳಿಯ ಆಸ್ಪತ್ರೆಗಳಲ್ಲೂ ರೂಢಿ. ಹೃದಯ ಸೋತು ಏದುಸಿರು ಬಿಡುತ್ತಿದ್ದ ಗದಿಗೆಪ್ಪನ ಎದೆಗೆ ನರ್ಸ್ ನೀಲಮ್ಮ ಸ್ಟೆತಾಸ್ಕೋಪ್ ಹಚ್ಚಿದಳು. ಇನ್ನೊಂದು ಕೈಯಲ್ಲಿ, ಹೃದಯದ ಭಾರ ಇಳಿಸಿದರೂ ಉಸಿರಾಟವನ್ನು ನಿಧಾನಿಸುವ ಮಾರ್ಫಿನ್ ತುಂಬಿದ ಸಿರಿಂಜಿತ್ತು.

"ಕೊಡ್ಲೇನ್ರಿ?"

"ಲಗೂ ಕೊಡವ್ವಾ, ನನಗ ಹಗುರಾಗ್ತೈತಿ," ಎಂದಿತು ಹೃದಯ. ಮಾರ್ಫಿನ್ ಬೇಡವೆಂದ ಹೃದಯವನ್ನು ಆಕೆ ಇದುವರೆಗೆ ಕಂಡಿರಲಿಲ್ಲ.

ಶ್ವಾಸಕೋಶ ಮಾತ್ರ ಉಸಿರೆತ್ತಲಿಲ್ಲ. ಸುಮ್ಮನಿದ್ದರೆ ಒಪ್ಪಿಗೆಯೆಂದೇ ಲೆಕ್ಕ. ಆದರೂ ಬೇರೆಲ್ಲ ರೋಗಿಗಳಲ್ಲಿ ಬಾಯಿಬಡುಕನಾಗಿರುವ ಆ ಅಂಗಕ್ಕೆ ಇವತ್ತೇನಾಯಿತೆಂಬ ಕುತೂಹಲ ತಡೆಯಲಾರದೆ, ಆಕೆ ಸ್ಟೆತಾಸ್ಕೋಪನ್ನು ಬೆನ್ನಿಗೆ ಸರಿಸಿ ಕಿವಿಗೊಟ್ಟಳು. ಒಳಗೆ ನೀರು ಗುಳುಗುಳು ಎನ್ನುತ್ತಿತ್ತು.

"ಯಾಕ್ರಿ, ನಿಮಗ ಮಾತು ಬರೂದಿಲ್ಲೇನು?"

ಆ ನೀರಿನ ನಡುವಿಂದ ಸಣ್ಣ ದನಿ ಬಂತು. "ಮಾತಾಡಾಕ... ಉಸಿರು ಎಲ್ಲೈತವ್ವಾ?"

ನೀಲಮ್ಮ ಸಿರಿಂಜನ್ನು ಟ್ರೇಯಲ್ಲಿಟ್ಟಳು.

"ತಡೀರಿ, ಮೊದ್ಲ ಅದನ್ನ ಕೊಡ್ತೇನಿ," ಎಂದು ಆಕ್ಸಿಜನ್ ಮಾಸ್ಕಿಗೆ ಕೈಚಾಚಿದಳು.