ಗೊಜ್ಜು ಕದ್ದ ಕಳ್ಳ

ಹಾಲಿನ ವ್ಯಾನು ಬರುವಷ್ಟರಲ್ಲಿ ಬೀಗ ಮುರಿಯಬೇಕಿತ್ತು. ವರದರಾಜ ಕಬ್ಬಿಣದ ಸಲಾಕೆಯನ್ನು ಬೀಗದ ಕೊಂಡಿಯೊಳಗೆ ತೂರಿಸಿ, ಉಸಿರು ಬಿಗಿಹಿಡಿದು, ಮೈಭಾರವನ್ನೆಲ್ಲ ಹಾಕಿ ಮೀಟಿದ. ಟಣ್ ಎಂದು ಕೊಂಡಿ ಕಿತ್ತುಬಂತು. ಬೀದಿಯ ಆ ತುದಿಯಲ್ಲಿ ನಾಯಿಯೊಂದು ಬೊಗಳಿತು. ಅವನು ಬೀಗವನ್ನು ಬಾಗಿಲ ಪಕ್ಕದ ಮೊಳೆಗೆ ಸಿಕ್ಕಿಸಿ, ಒಳಗೆ ನುಗ್ಗಿ, ಗೊಜ್ಜಿನ ಜಾಡಿಗಳನ್ನೆಲ್ಲ ಚೀಲಕ್ಕೆ ತುಂಬಿದ. ಗಲ್ಲಾಪೆಟ್ಟಿಗೆಯಲ್ಲಿದ್ದ ದುಡ್ಡು ಮುಟ್ಟಲಿಲ್ಲ. ಮುಚ್ಚಳ ಮಾತ್ರ ತೆರೆದಿಟ್ಟ. ಬಂದವರ ಕಣ್ಣಿಗೆ ಅದು ಬೀಳಬೇಕಲ್ಲ.

ಅಂಗಡಿ ಅವನದೇ. ಗೊಜ್ಜು ಅವನ ಹೆಂಡತಿ ಆಂಡಾಳ್ ಕೈಯದು. ಸಂಪಿಗೆ ರಸ್ತೆಯಿಂದ ಒಳಗೆ ತಿರುಗಿದ ಆ ಓಣಿಯಲ್ಲಿ ಅಂಥ ಪುಳಿಯೋಗರೆ ಗೊಜ್ಜು ಸಿಗುತ್ತದೆಂದು ಪಕ್ಕದ ಬಳೆ ಅಂಗಡಿಯ ಚಕ್ರಪಾಣಿಯನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಪತ್ರಿಕೆಯಲ್ಲಿ ಜಾಹೀರಾತು ಕೊಡೋಣವೆಂದು ದರ ವಿಚಾರಿಸಲು ಹೋದ ವರದರಾಜ ಮುಖ ಸಪ್ಪೆ ಮಾಡಿಕೊಂಡು ವಾಪಸಾಗಿದ್ದ. ಯುಗಾದಿಯೊಳಗೆ ವ್ಯಾಪಾರ ಕುದುರದಿದ್ದರೆ ಅಂಗಡಿ ಮುಚ್ಚುವುದೆಂದು ಗಂಡಹೆಂಡಿರಲ್ಲಿ ಮಾತಾಗಿತ್ತು. ಜಾಹೀರಾತಿಗೆ ದುಡ್ಡು ಬೇಕು, ಸುದ್ದಿಗೆ ಬೇಡ ಎಂಬುದು ಅವನಿಗೆ ಹೊಳೆದದ್ದು ಆಮೇಲೆ. ಆಂಡಾಳ್‌ಗೂ ಹೇಳಲಿಲ್ಲ. ಅವಳಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ.

ತೊಂಬತ್ತರ ದಶಕದ ಆ ದಿನಗಳಲ್ಲಿ ಸಂಜೆ ಪತ್ರಿಕೆ ಕೈಗೆ ಸಿಗದೆ ಮಲ್ಲೇಶ್ವರದಲ್ಲಿ ಕಾಫಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ವರದರಾಜ ಠಾಣೆಗೆ ದೂರು ಕೊಟ್ಟದ್ದೇ ತಡ, ಸುದ್ದಿ ಮುಖಪುಟಕ್ಕೇ ಬಂತು. ‘ದುಡ್ಡು ಬಿಟ್ಟ, ಗೊಜ್ಜು ಕದ್ದ’ ಎಂಬ ದಪ್ಪ ಅಕ್ಷರಗಳ ಕೆಳಗೆ ದೊಡ್ಡ ಫೋಟೋ. ತೆರೆದ ಬಾಗಿಲು, ಮೊಳೆಯಲ್ಲಿ ನೇತಾಡುತ್ತಿದ್ದ ಮುರಿದ ಬೀಗ, ಅದರ ಮುಂದೆ ಪೆಚ್ಚುಮೋರೆಯ ವರದರಾಜ, ಪಕ್ಕದಲ್ಲಿ ಚಕ್ರಪಾಣಿಯ ಬೀಗ ಹಾಕಿದ ಬಾಗಿಲು. ಕಳ್ಳನ ಬಾಯಲ್ಲೂ ನೀರೂರಿಸಿದ ಗೊಜ್ಜು ಎಂಥದ್ದೋ ನೋಡೇಬಿಡೋಣ ಎಂದು ಜನ ಬಸವನಗುಡಿಯಿಂದಲೂ ಬಸ್ಸು ಹತ್ತಿ ಬಂದರು. ಆಂಡಾಳ್‌ಗೆ ಒಲೆ ಆರಿಸಲು ಪುರುಸೊತ್ತಾಗಲಿಲ್ಲ.

ಆ ಖುಷಿ ವಾರವೂ ಬಾಳಲಿಲ್ಲ. ಅದೇ ಪತ್ರಿಕೆಯಲ್ಲಿ ಇನ್ನೊಂದು ಸುದ್ದಿ ಬಂತು. ಗೊಜ್ಜು ಕಳ್ಳ ಸಿಕ್ಕಿಬಿದ್ದಿದ್ದ.

ಫೋಟೋದಲ್ಲಿ ಮುಖಕ್ಕೆ ಟವೆಲು ಮುಚ್ಚಿಕೊಂಡವನೊಬ್ಬ. ಅವನ ಪಕ್ಕದಲ್ಲಿ ಮೀಸೆ ತೀಡಿ ನಿಂತ ಸಬ್ ಇನ್ಸ್‌ಪೆಕ್ಟರು. ಅರ್ಜುನಪ್ಪ ಎಂಬ ಈ ಕಳ್ಳನನ್ನು ಅವರು ಬಹಳ ಚಾಣಾಕ್ಷತನದಿಂದ ಪತ್ತೆಹಚ್ಚಿದರಂತೆ. ಕಳ್ಳ ಎಲ್ಲವನ್ನೂ ಒಪ್ಪಿಕೊಂಡಿದ್ದ. ಗೊಜ್ಜಿನ ವಾಸನೆಗೆ ಸೋತು ಕದ್ದೆ, ಎಲ್ಲ ತಿಂದು ಮುಗಿಸಿದೆ ಎಂದನಂತೆ. ಪಕ್ಕದ ಬಳೆ ಅಂಗಡಿಗೂ ಕೈಹಾಕಿದ್ದನಂತೆ. ಆದರೆ ಅದಕ್ಕಿದ್ದದ್ದು ನಗರ್ತಪೇಟೆಯ ವೆಂಕಟಪ್ಪನ ಅಂಗಡಿಯ ಬೀಗ, ಜಪ್ಪಯ್ಯ ಅಂದರೂ ಬಿಚ್ಚಿಕೊಳ್ಳಲಿಲ್ಲವಂತೆ. ನಾಳೆ ಅವನನ್ನು ನ್ಯಾಯಾಧೀಶರ ಮುಂದೆ ನಿಲ್ಲಿಸಿ ಜೈಲಿಗೆ ಕಳಿಸುವವರಿದ್ದರು.

ವರದರಾಜ ಸುದ್ದಿಯನ್ನು ಎರಡು ಸಲ ಓದಿದ. ಜಾಡಿಗಳೆಲ್ಲ ಅವನ ಮನೆಯ ಅಟ್ಟದಲ್ಲಿ, ಹಳೆಯ ಹಾಸಿಗೆಯ ಹಿಂದೆ ಇದ್ದವು. ಯಾವನೋ ಬಡಪಾಯಿ ಏಟು ತಾಳಲಾರದೆ ತಿಂದೆ ಅಂದಿರಬೇಕು. ಅಷ್ಟರಲ್ಲಿ ಚಕ್ರಪಾಣಿ ಪತ್ರಿಕೆ ಹಿಡಿದುಕೊಂಡು ಬಂದು, ಗಿರಾಕಿಗಳ ಎದುರಿಗೇ ತನ್ನ ಬೀಗವನ್ನು ಜಗ್ಗಿ ಜಗ್ಗಿ ತೋರಿಸಿದ. ಗೊಜ್ಜು ಕೊಳ್ಳಲು ಬಂದವರು ವೆಂಕಟಪ್ಪನ ಅಂಗಡಿಗೆ ದಾರಿಯನ್ನೂ ಕೇಳಿಕೊಂಡು ಹೋದರು. ವರದರಾಜನಿಗೆ ಇದ್ಯಾವುದೂ ಕಿವಿಗೆ ಬೀಳುತ್ತಿರಲಿಲ್ಲ.

ಊಟಕ್ಕೆ ಕೂತಾಗ ಆಂಡಾಳ್ ಅವನ ಎಲೆಯನ್ನೇ ನೋಡುತ್ತಿದ್ದಳು.

“ಕದ್ದೋನು ಒಪ್ಕೊಂಡಾಯ್ತಲ್ಲ. ನಿಮಗ್ಯಾಕೆ ಊಟ ಸೇರ್ತಿಲ್ಲ?”

ಅವನು ಅಟ್ಟದ ಕಡೆ ನೋಡದಿರಲು ಬಹಳ ಕಷ್ಟಪಟ್ಟ. ನಿಜ ಹೇಳಿದರೆ ಅಂಗಡಿಯ ಹೆಸರು ಮಣ್ಣುಪಾಲು, ಆಂಡಾಳ್ ಓಣಿಯಲ್ಲಿ ತಲೆ ಎತ್ತಿ ಓಡಾಡುವ ಹಾಗಿಲ್ಲ. ಹೇಳದಿದ್ದರೆ, ಗೊಜ್ಜಿನ ಮುಖವನ್ನೇ ನೋಡದವನೊಬ್ಬ ಜೈಲು ಸೇರುತ್ತಾನೆ. ಬೆಳಗಾಗುವವರೆಗೂ ಅವನಿಗೆ ಕಣ್ಣು ಮುಚ್ಚಲಾಗಲಿಲ್ಲ.

ಬೆಳಗ್ಗೆ ಒಂದು ಜಾಡಿಯನ್ನು ಚೀಲದಲ್ಲಿಟ್ಟುಕೊಂಡು ಠಾಣೆಗೆ ಹೋದ. ಸಬ್ ಇನ್ಸ್‌ಪೆಕ್ಟರ ಮೇಜಿನ ಮೇಲೆ ಅದನ್ನಿಟ್ಟು, ಎಲ್ಲವನ್ನೂ ಹೇಳಿದ. ಜಾಡಿಯ ಅಡಿಯಲ್ಲಿ, ಮೇಜಿನ ಗಾಜಿನ ಕೆಳಗೆ, ಪತ್ರಿಕೆಯಿಂದ ಕತ್ತರಿಸಿದ ಮೀಸೆಯ ಫೋಟೋ ಇತ್ತು. ಅವರು ಎದ್ದುಹೋಗಿ ಬಾಗಿಲು ಹಾಕಿ ಬಂದರು.

“ಇದನ್ನ ಇನ್ಯಾರಿಗಾದ್ರೂ ಹೇಳಿದೀರಾ?”

“ಇಲ್ಲ ಸಾರ್.”

“ಹೇಳ್ಬೇಡಿ.”

ಬೈಗುಳವೇನೋ ಧಾರಾಳವಾಗಿ ಸಿಕ್ಕಿತು. ಆದರೆ ಮಾಲು ಮನೆಯಲ್ಲೇ ಸಿಕ್ಕಿದೆ, ದೂರು ವಾಪಸು ತಗೊಂಡಿದ್ದೇನೆ ಎಂದು ಬರೆಸಿಕೊಂಡು ಅಷ್ಟಕ್ಕೇ ಬಿಟ್ಟರು. ಅರ್ಜುನಪ್ಪನನ್ನು ಹಿಂಬಾಗಿಲಿನಿಂದ ಕಳಿಸಿದರು.

ವರದರಾಜ ಓಡಿಹೋಗಿ ಹೊಂಗೆಮರದ ಕೆಳಗೆ ಅವನನ್ನು ತಡೆದು ಎರಡೂ ಕೈ ಹಿಡಿದುಕೊಂಡ. ತಾನೇ ಆ ಅಂಗಡಿಯವನು, ತನ್ನಿಂದ ಇಷ್ಟೆಲ್ಲ ಏಟು ತಿನ್ನಬೇಕಾಯಿತು, ಕ್ಷಮಿಸಬೇಕು ಎಂದ. ಅರ್ಜುನಪ್ಪ ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡ. ಅವನ ಮೈಮೇಲೆ ಒಂದು ಗೀರೂ ಇರಲಿಲ್ಲ.

“ಯಾರೂ ಹೊಡೀಲಿಲ್ಲ ಸ್ವಾಮಿ. ನಾನೇ ನಡ್ಕೊಂಡು ಬಂದು ಒಪ್ಕೊಂಡೆ.”

“ಮಾಡದೇ ಇರೋ ಕಳ್ಳತನಾನ?”

“ಕಳ್ಳತನ ಆಗಿದ್ರೆ ತಾನೆ? ಪೇಪರಲ್ಲಿ ಫೋಟೋ ನೋಡಿದೆ. ಬೀಗ ಮುರಿದ ಕಳ್ಳ ಅದನ್ನ ಅಲ್ಲೇ ಬಿಸಾಕ್ತಾನೆ. ಮೊಳೆಗೆ ಸಿಕ್ಸಿ ಒಳಗೆ ಹೋಗೋನು ದಿನಾ ಬಾಗಿಲು ತೆಗೆಯೋ ಯಜಮಾನ.” ಅವನು ನಕ್ಕ. “ನಿಮ್ಮ ಮುಖಾನೂ ನೋಡಿದೆ. ಇನ್ನೊಬ್ಬನ್ನ ಜೈಲಿಗೆ ಕಳಿಸಿ ನಿದ್ದೆ ಮಾಡೋ ಮುಖ ಅಲ್ಲ. ಬಂದೇ ಬರ್ತೀರಿ ಅಂತ ಗೊತ್ತಿತ್ತು.”

ವರದರಾಜನಿಗೆ ತಲೆಬುಡ ತಿಳಿಯಲಿಲ್ಲ. ಮಾರ್ಕೆಟ್ ಕಡೆಯ ಬಸ್ಸು ಬಂತು. ಅರ್ಜುನಪ್ಪ ಮೆಟ್ಟಿಲ ಮೇಲೆ ಕಾಲಿಟ್ಟು ಹಿಂತಿರುಗಿದ.

“ನಗರ್ತಪೇಟೆ ಕಡೆ ಬಂದಾಗ ಅಂಗಡಿಗೆ ಬನ್ನಿ, ನಿಮಗೂ ಒಂದು ಒಳ್ಳೆ ಬೀಗ ಕೊಡ್ತೀನಿ. ವೆಂಕಟಪ್ಪ ನಮ್ಮಪ್ಪ.”