ಎರಡು ರೊಟ್ಟಿಯ ಹಿಟ್ಟಿನಷ್ಟು

ಅರ್ಧ ಆಟ ಮುಗಿದಾಗ ಮಯೂರಿ ಹೊಸ ಫುಟ್‌ಬಾಲ್ ಬೂಟನ್ನು ಬಿಚ್ಚಿ ಕೊಡವಿದಳು. ಒಳಗಿನ ಮೆತ್ತೆಯ ಜೊತೆ ಹಳೇ ಚಪ್ಪಲಿಯಿಂದ ಕತ್ತರಿಸಿದ ದಪ್ಪ ರಬ್ಬರಿನ ತುಂಡೊಂದು ಕೆಳಗೆ ಬಿತ್ತು. ಜಿಲ್ಲಾ ತಂಡದ ಆಯ್ಕೆಯ ಆ ಪಂದ್ಯದಲ್ಲಿ ಅವಳು ಪ್ರತಿ ಚೆಂಡಿಗೂ ಒಂದು ಹೆಜ್ಜೆ ತಡವಾಗಿದ್ದಳು. ಅವಳು ಗೆರೆಯಾಚೆ ನಿಂತಿದ್ದ ಅವ್ವನನ್ನು ನೋಡಿದಳು.

ಪಾರವ್ವ ಡೊಂಬಿವ್ಲಿ ಪಕ್ಕದ ದಿವಾ ಊರಿನಲ್ಲಿ ಜೋಳದ ರೊಟ್ಟಿ ಬಡಿದು ಮಾರುವವಳು. ಅವಳ ಅಂಗೈಗೆ ತಕ್ಕಡಿ ಬೇಕಿಲ್ಲ. ನಿನ್ನೆ ಆ ಬೂಟನ್ನು ಎತ್ತಿ ನೋಡಿದಾಗ ಎರಡು ರೊಟ್ಟಿಯ ಹಿಟ್ಟಿನಷ್ಟೂ ತೂಕವಿರಲಿಲ್ಲ.

"ಇಷ್ಟ ಹಗೂರ ಇದ್ರ ಕಾಲ ಉಳುಕತೈತಿ ಅಂತ ನಾನs ಇಟ್ಟೆ," ಎಂದಳು.

"ಅವ್ವಾ, ಹಗೂರ ಹೈ, ಇಸೀಲಿಯೇ ತೋ ಲಿಯಾ," ಹಗುರ ಅಂತಲೇ ತಗೊಂಡದ್ದು ಎಂದು ಹಿಂದಿ ಬೆರೆಸಿ ಹೇಳಿದ ಮಯೂರಿ ಇನ್ನೊಂದು ಬೂಟಿನ ರಬ್ಬರನ್ನೂ ಕಿತ್ತು, ಎರಡನ್ನೂ ಅವ್ವನ ಕೈಗಿಟ್ಟು ಮೈದಾನಕ್ಕಿಳಿದಳು.

ಆಟ ಮತ್ತೆ ಶುರುವಾಯಿತು. ಯಾರೋ ದೂರಕ್ಕೆ ಒದ್ದ ಚೆಂಡು ಗೆರೆ ದಾಟುವುದರಲ್ಲಿತ್ತು. ಮುಂದಿದ್ದ ಇಬ್ಬರು ಹುಡುಗಿಯರು ಓಟ ಬಿಟ್ಟು ನಿಂತೇಬಿಟ್ಟರು. ಅವರ ನಡುವಿನಿಂದ ಮಯೂರಿ ಬಂದಳು. ಪಾರವ್ವನಿಗೆ ಬೂಟಿನ ಸದ್ದು ಕೇಳಲಿಲ್ಲ, ಸೆರಗು ಮಾತ್ರ ಹಾರಿತು. ಅದನ್ನು ಸರಿಮಾಡಿಕೊಂಡು ತಲೆಯೆತ್ತುವಷ್ಟರಲ್ಲಿ ಚೆಂಡು ಆ ತುದಿಯ ಬಲೆಯೊಳಗಿತ್ತು.

ಡೊಂಬಿವ್ಲಿಯ ಆ ಮೈದಾನದಲ್ಲಿದ್ದವರೆಲ್ಲ ಮಯೂರಿಯತ್ತ ತಿರುಗಿದರು.

"ಮೌಸಿ, ಕಿಸ್ಕೀ ಬೇಟಿ ಹೈ ವೋ?" ಅವಳು ಯಾರ ಮಗಳೆಂದು ಪಕ್ಕದಲ್ಲಿದ್ದ ಹೆಂಗಸು ಮೆಲ್ಲಗೆ ಕೇಳಿದಳು.

ರಬ್ಬರಿನ ತುಂಡುಗಳು ಪಾರವ್ವನ ಅಂಗೈಯಲ್ಲಿ ಭಾರವಾಗಿದ್ದವು. ನನ್ನ ಮಗಳು ಎನ್ನಲು ಅವಳಿಗೆ ಯಾಕೋ ಅಂಜಿಕೆಯಾಯಿತು.