ಇಬ್ಬರು ನೀಲವ್ವಂದಿರು

ಅಂಗಾಂಶದ ತುಣುಕುಗಳೇ ತಮ್ಮ ಹೆಸರು ಹೇಳತೊಡಗಿದ ಮೇಲೆ ಧಾರವಾಡದ ಆ ಪ್ರಯೋಗಾಲಯದಲ್ಲಿ ಚೀಟಿ ಅಂಟಿಸುವ ಕೆಲಸ ತಪ್ಪಿತು, ತಂತ್ರಜ್ಞೆ ಕಸ್ತೂರಿಯ ತಲೆನೋವು ತಪ್ಪಲಿಲ್ಲ. ಇವತ್ತು ತಟ್ಟೆಯಲ್ಲಿ ಇಬ್ಬರು ನೀಲವ್ವಂದಿರ ತುಣುಕುಗಳಿದ್ದವು. ಒಂದರಲ್ಲಿ ಕೆಟ್ಟ ಗಡ್ಡೆ. ಆ ನೀಲವ್ವನಿಗೆ ನಾಳೆಯೇ ಆಪರೇಷನ್. ಆದರೆ ಯಾವ ನೀಲವ್ವ? ದಾಖಲೆಯಲ್ಲಿ ಇಬ್ಬರಿಗೂ ಗಂಡನ ಹೆಸರೊಂದೇ ಬೇರೆ.

ಕಸ್ತೂರಿ ಗಡ್ಡೆಯ ತುಣುಕನ್ನೇ ಕೇಳಿದಳು: "ಗಂಡನ ಹೆಸರು ಹೇಳ್ರಿ."

"ಅಯ್ಯ, ಗಂಡನ ಹೆಸರ ಬಾಯಿ ಬಿಟ್ಟು ಹೆಂಗ ಹೇಳಲಿ?" ಬಾಯಿಯೇ ಇಲ್ಲದ ತುಣುಕು ನಾಚಿತು.

"ಜೀವದ ಮಾತೈತ್ರಿ! ಒಡಪಿನ್ಯಾಗರ ಹೇಳ್ರಿ."

"ಹಂಗಾರ ಮೊದಲ ನೀ ಹೇಳು."

ಡಾಕ್ಟರ ಕೋಣೆಯ ಬಾಗಿಲು ಮುಚ್ಚಿದೆಯೆಂದು ಖಾತ್ರಿ ಮಾಡಿಕೊಂಡು ಕಸ್ತೂರಿ ತನ್ನ ಗಂಡನ ಹೆಸರನ್ನು ಪ್ರಾಸದಲ್ಲಿ ಸೇರಿಸಿ ಮೆಲ್ಲಗೆ ಹಾಡಿದಳು: "ಗಾಜಿನ ಮ್ಯಾಲ ಗುಲಾಬಿ ಬಣ್ಣ, ಶಿವಲಿಂಗಪ್ಪನವರು ನನ್ನ ಕಣ್ಣ."

ತುಣುಕು ಈಗ ತಡವರಿಸಲಿಲ್ಲ: "ಕತ್ರಿ ಕಂಡ್ರ ಅಂಜೂದಿಲ್ಲ, ಈರಪ್ಪನವರನ್ನ ಬಿಟ್ಟು ಹೋಗೂದಿಲ್ಲ."